ಮಹಾರಾಜರ ನೆಲ ಬಿಡದ ದಾರಿ

ಈಗಿನ ಹುಡುಗಿಯರು ಎರಡು ತಿಂಗಳ ಬಸಿರಿನಲ್ಲಿ ವಿಮಾನ ಹತ್ತಬಹುದೇ, ಬೇಡವೇ ಎಂದು ಡಾಕ್ಟರನ್ನು ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ನಾನೂ ಎರಡು ತಿಂಗಳ ಬಸಿರಿನಲ್ಲೇ ಪರದೇಶಕ್ಕೆ ಹೋದವಳು ಎಂದರೆ ಮಾತ್ರ ನಂಬದೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಹೋದದ್ದು ಎತ್ತಿನ ಗಾಡಿಯಲ್ಲಿ. ಸಮುದ್ರ ಕಂಡದ್ದು ಮುದುಕಿಯಾದ ಮೇಲೆ. ಆದರೂ ಹೋದದ್ದು ಪರದೇಶಕ್ಕೇ, ಯಾಕೆಂದರೆ ನಮ್ಮ ಅತ್ತೆ ಹಾಗೆಂದಿದ್ದರು, ಮತ್ತು ಆ ಮನೆಯಲ್ಲಿ ಅತ್ತೆ ಅಂದದ್ದೇ ಭೂಗೋಳ.

ಆಗ ನಮ್ಮ ಕಡೆಗೆಲ್ಲ ಮೈಸೂರು ಮಹಾರಾಜರೇ ದೊರೆ. ನನ್ನ ತವರು ಮಧುಗಿರಿ. ಕೊಟ್ಟ ಮನೆ ಪಾವಗಡದಿಂದ ವೈ.ಎನ್. ಹೊಸಕೋಟೆಗೆ ಹೋಗುವ ದಾರಿಯ ಒಂದು ಹಳ್ಳಿ. ಎರಡೂ ಮಹಾರಾಜರದೇ. ಆದರೆ ಮಧುಗಿರಿಯಿಂದ ಪಾವಗಡಕ್ಕೆ ಹೋಗುವವರು ನಡುವೆ ಮದರಾಸು ಪ್ರಾಂತ್ಯದ ನೆಲವನ್ನು ದಾಟಿಯೇ ಹೋಗಬೇಕು. ನಮ್ಮ ಮನೆಯ ಹಿರಿಯರು ಅದನ್ನು ಇನ್ನೂ ಕುಂಪಣಿ ಸೀಮೆ ಎಂದೇ ಕರೆಯುತ್ತಿದ್ದರು. ಅಲ್ಲೇನೂ ಬಾಗಿಲಿಲ್ಲ, ಬೀಗವಿಲ್ಲ. ರಸ್ತೆಯ ಬದಿಗೊಂದು ಗಡಿಕಲ್ಲು, ಅದರ ಪಕ್ಕ ಕಳ್ಳಿಯ ಬೇಲಿ, ಅಷ್ಟೇ. ಕಡಲೆಕಾಯಿ ಮೂಟೆ ಹೇರಿಕೊಂಡು ಗಂಡಸರು ವಾರಕ್ಕೆ ಎರಡು ಸಲ ದಾಟಿ ಬರುತ್ತಿದ್ದರು. ಕಲ್ಲಿನ ಆಚೆ ಬದಿಯಲ್ಲೂ ಅದೇ ಕೆಂಪು ಮಣ್ಣು, ಅದೇ ಜಾಲಿ, ಅದೇ ಬಿಸಿಲು.

ನಮ್ಮ ಅತ್ತೆಗೆ ಮಾತ್ರ ಆ ಕಲ್ಲು ಬರಿಯ ಕಲ್ಲಾಗಿರಲಿಲ್ಲ. ಅವರ ತವರು ಇದ್ದದ್ದು ಗಡಿಯಾಚೆ, ಪಾವಗಡದ ಪಡುವಲ ಕಡೆ, ಅಲ್ಲಿನ ಗಡಿಕಲ್ಲಿನಿಂದ ಮೂರು ಹರದಾರಿ ದೂರದಲ್ಲಿ. ಒಂಬತ್ತು ಮೈಲಿ ಎನ್ನಿ. ಮೊದಲ ಬಸಿರಿನಲ್ಲಿ ತವರಿಗೆ ಹೋಗಿದ್ದಾಗ ಅಲ್ಲಿ ಅವರ ಗರ್ಭ ಇಳಿದುಹೋಯಿತಂತೆ. ಹೊಟ್ಟೆಯಲ್ಲಿ ಹಸಿಗೂಸು ಕೂತಿರುವಾಗ ಒಬ್ಬ ದೊರೆಯ ನೆಲ ಬಿಟ್ಟು ಇನ್ನೊಬ್ಬ ದೊರೆಯ ನೆಲ ತುಳಿಯಬಾರದು, ತುಳಿದರೆ ಗಡಿ ಕಾಯುವ ದೇವತೆ ಸುಂಕ ಕೇಳುತ್ತಾಳೆ ಎಂದು ಯಾರೋ ಹಿರಿಯರು ಹೇಳಿದರಂತೆ. ಆಗ ಅತ್ತೆ ವೀರಭದ್ರನ ಗುಡಿಯಲ್ಲಿ ಹರಕೆ ಕಟ್ಟಿಕೊಂಡರು: ಮುಂದಿನ ಮಗು ಉಳಿದರೆ, ಆ ಮಗು ಬದುಕಿರುವವರೆಗೂ ಈ ಗಡಿಯನ್ನು ನಾನು ದಾಟುವುದಿಲ್ಲ. ಮುಂದಿನ ಮಗು ಉಳಿಯಿತು. ಅದೇ ನನ್ನ ಯಜಮಾನರು. ಅಂದಿನಿಂದ ಅತ್ತೆ ತವರಿಗೆ ಹೋಗಲಿಲ್ಲ. ಅವರ ತಾಯಿಯೇ ಮೊದಮೊದಲು ವರ್ಷಕ್ಕೊಮ್ಮೆ ಬಂದು ಮಗಳನ್ನು ನೋಡಿಕೊಂಡು ಹೋಗುತ್ತಿದ್ದರಂತೆ. ಆಮೇಲೆ ಅವರ ಕಣ್ಣು ಹೋಯಿತು, ಬರುವುದೂ ನಿಂತಿತು.

ಇದನ್ನೆಲ್ಲ ಕೇಳಿದಾಗ ನನಗೆ ನಗು ಬರುತ್ತಿತ್ತು. ನಾನು ಮಧುಗಿರಿಯಲ್ಲಿ ಇಸ್ಕೂಲಿಗೆ ಹೋಗಿ ಬಂದವಳು, ನಾಲಿಗೆ ಸ್ವಲ್ಪ ಉದ್ದ. ಆದರೆ ಮದುವೆಯಾದ ನಾಲ್ಕು ವರ್ಷದಲ್ಲಿ ಎರಡು ಸಲ ನಿಂತ ಬಸಿರು ಎರಡು ಸಲವೂ ಮೂರನೇ ತಿಂಗಳಲ್ಲಿ ಇಳಿದುಹೋದ ಮೇಲೆ ನಗುವುದನ್ನು ಬಿಟ್ಟೆ. ಮೊದಲನೆಯದು ನಾನು ತವರಿಗೆ ಹೋಗಿ ಬಂದ ವಾರದಲ್ಲೇ ಆಯಿತು. ಅತ್ತೆ ಏನೂ ಅನ್ನಲಿಲ್ಲ, ಆದರೆ ಮನಸ್ಸಿನಲ್ಲಿ ಗಡಿಕಲ್ಲನ್ನು ನೆನೆದರು ಎಂದು ಗೊತ್ತಾಯಿತು. ಎರಡನೆಯ ಸಲ ನಾನು ಹೊಸಿಲನ್ನೇ ದಾಟಿರಲಿಲ್ಲ. 'ಈಗೇನಂತೀರಿ ಅತ್ತೆ? ಗಡಿ ಎದ್ದು ನಮ್ಮ ಮನೆಗೇ ಬಂತಾ?' ಎಂದು ಕೇಳಿಯೇಬಿಟ್ಟೆ. ಅವರು ಒಂದು ದಿನ ಯೋಚನೆ ಮಾಡಿ, 'ನೀನು ತಿಂದ ಹುಣಿಸೆಹಣ್ಣು ಆ ಕಡೇದು ಕಣಮ್ಮ. ನನಗೆ ಹೊಳೀಲಿಲ್ಲ, ತಪ್ಪು ನಂದೇ' ಅಂದರು. ಇಂಥವರ ಜೊತೆ ಹೆಂಗೆ ವಾದ ಮಾಡುತ್ತೀರಿ?

ಅತ್ತೆಯನ್ನು ದೂರುತ್ತಿದ್ದೇನೆ ಎಂದು ತಿಳಿಯಬೇಡಿ. ಆ ಎರಡು ಸಲವೂ ನನ್ನ ತಲೆಗೆ ನೀರು ಹಾಕಿದವರು, ಬೆಳ್ಳುಳ್ಳಿ ಸಾರು ಕಲಸಿ ತುತ್ತು ಮಾಡಿ ತಿನ್ನಿಸಿದವರು ಅವರೇ. ಪಕ್ಕದ ಮನೆಯವಳು ಜಗುಲಿಗೆ ಬಂದು 'ಹೊಟ್ಟೆ ಸರಿಯಿಲ್ವೇನೋ' ಎಂದು ರಾಗ ಎಳೆದಾಗ, 'ನಿನ್ನ ಬಾಯಿ ಸರಿಯಿಲ್ಲ, ಮೊದಲು ಅದಕ್ಕೆ ಔಷಧಿ ಮಾಡಿಸ್ಕೋ' ಎಂದು ಅಟ್ಟಿದವರೂ ಅವರೇ. ಮೂರಡಿ ಎತ್ತರದ ಹೆಂಗಸು, ಆರಡಿ ಗಂಟಲು. ನನಗೆ ಅವರೆಂದರೆ ಪ್ರಾಣ, ಮತ್ತು ದಿನಕ್ಕೊಂದು ಸಲ ಅವರ ಮೇಲೆ ಸಿಟ್ಟು ಬಾರದೆ ಇರುತ್ತಿರಲಿಲ್ಲ.

ಮೂರನೇ ಸಲ ತಿಂಗಳು ನಿಂತದ್ದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಯಿತು. ಒಗ್ಗರಣೆ ವಾಸನೆಗೆ ನಾನು ಹಿತ್ತಲಿಗೆ ಓಡಿದೆ. ಹಿಂದೆಯೇ ಚೊಂಬಿನಲ್ಲಿ ನೀರು ಹಿಡಿದು ಬಂದರು. ಬೆನ್ನು ಸವರಿ, 'ಬಾಯಿಗೆ ಬೀಗ. ಮೂರು ತುಂಬೋವರೆಗೂ ಗೋಡೆಗೂ ಹೇಳಬ್ಯಾಡ' ಅಂದರು. ನಮ್ಮಲ್ಲಿ ಅದು ಕಟ್ಟಳೆ. ಮೂರು ತಿಂಗಳು ತುಂಬುವ ಮೊದಲು ಬಸಿರಿನ ಸುದ್ದಿ ಹೊರಗೆ ಬೀಳಬಾರದು.

ಆದರೆ ನಮ್ಮಮ್ಮನಿಗೆ ಹೇಳಲೇಬೇಕಿತ್ತು. ಹಿಂದಿನ ಸಲ ಬಸಿರು ಇಳಿದ ಮೇಲೆ ಮಧುಗಿರಿ ಆಸ್ಪತ್ರೆಯ ಮಿಡ್‌ವೈಫಮ್ಮ ನನ್ನನ್ನು ನೋಡಿ, 'ಮುಂದಿನ ಸಲ ಎರಡು ತಿಂಗಳು ತುಂಬುವುದರೊಳಗೆ ಇಲ್ಲಿಗೆ ಬಂದು ಮಲಗಬೇಕು. ನೀರಿನ ಬಿಂದಿಗೆ ಎತ್ತಬಾರದು, ಗಾಡಿ ಎತ್ತೆತ್ತಿ ಹಾಕದ ಹಾಗೆ ನಿಧಾನವಾಗಿ ಬರಬೇಕು' ಎಂದು ಹೇಳಿದ್ದರು. ಯಜಮಾನರು ಕಾಗದ ಬರೆದರು. ಹತ್ತು ದಿನಕ್ಕೆ ಉತ್ತರ ಬಂತು: ಕೂಡಲೇ ಕಳಿಸಿ. ಮೋಟಾರು ಬಸ್ಸು ಆಗ ಬಂದಿತ್ತು, ಆದರೆ ಅದರಲ್ಲಿ ಕೂತರೆ ಗಟ್ಟಿಮುಟ್ಟಾದ ಗಂಡಸಿನ ಕರುಳೇ ಬಾಯಿಗೆ ಬರುತ್ತಿತ್ತು. ಹಾಗಾಗಿ ಎತ್ತಿನ ಗಾಡಿ, ನೇರ ದಾರಿ, ಎರಡು ದಿನ ಎಂದು ಯಜಮಾನರು ತೀರ್ಮಾನ ಮಾಡಿದರು.

ಅತ್ತೆ ಮಧುಗಿರಿಗೆ ಬೇಡ ಎನ್ನಲಿಲ್ಲ. ಗಡಿ ದಾಟುವುದು ಬೇಡ ಎಂದರು. 'ಹೋಗ್ಲಿ, ಆ ಮಿಡ್‌ವೈಫು ನೋಡ್ಲಿ, ನಾನೂ ಜೊತೇಲಿ ಬತ್ತೀನಿ. ಆದ್ರೆ ನಮ್ಮ ದೊರೆ ನೆಲದ ಮ್ಯಾಲೇ ಹೋಗಬೇಕು.'

'ಅಮ್ಮ, ಅಂಥ ದಾರಿ ಇಲ್ಲ' ಎಂದರು ಯಜಮಾನರು.

'ಶಾನುಭೋಗರನ್ನ ಕೇಳು.'

ಶಾನುಭೋಗರನ್ನು ಕೇಳಿದರು. ಯಾಕೆ ಎಂದು ಹೇಳುವಂತಿಲ್ಲ. ಆ ಪುಣ್ಯಾತ್ಮರು ಸೀಮೆಯ ನಕ್ಷೆ ಹಾಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ದಾರಿ ಇದೆ ಎಂದುಬಿಟ್ಟರು. ಪಾವಗಡದ ಪಡುವಲ ಅಂಚು ಚಿತ್ರದುರ್ಗದ ಸೀಮೆಗೆ ತಗುಲಿದೆಯಂತೆ. ಆ ಕಡೆಯಿಂದ ಹಿರಿಯೂರಿಗೆ ಹೋಗಿ, ಹಿರಿಯೂರಿನಿಂದ ಶಿರಾಕ್ಕೆ ಇಳಿದು, ಶಿರಾದಿಂದ ಮಧುಗಿರಿಗೆ ಬಂದರೆ ಮಹಾರಾಜರ ನೆಲದಿಂದ ಗೇಣು ಮಣ್ಣೂ ಹೊರಗೆ ಹೋಗುವುದಿಲ್ಲ. ಎಷ್ಟು ದಿನ? ಆರು ದಿನ.

'ಕೊಂಕಣ ಸುತ್ತಿ ಮೈಲಾರಕ್ಕೆ ಹೋದಂಗಾಯ್ತು' ಎಂದು ಯಜಮಾನರು ತಲೆ ಚಚ್ಚಿಕೊಂಡರು.

'ಆಗ್ಲಿ ಬುಡು. ಮೈಲಾರ ಸಿಗ್ತದಲ್ಲ' ಎಂದರು ಅತ್ತೆ.

ನನಗೆ ಸಿಟ್ಟಿನಿಂದ ಅಳು ಬಂತು. ಗಾಡಿ ಎತ್ತೆತ್ತಿ ಹಾಕಬಾರದು ಎಂದು ಮಿಡ್‌ವೈಫಮ್ಮ ಹೇಳಿದ್ದಾರೆ, ಇವರು ಮೂರರಷ್ಟು ದೂರ ಅಲ್ಲಾಡಿಸಿಕೊಂಡು ಕರೆದೊಯ್ಯುತ್ತಾರಂತೆ. ಆದರೆ ಅತ್ತೆ ರಾತ್ರಿ ಊಟವಾದ ಮೇಲೆ ನನ್ನ ಪಕ್ಕ ಬಂದು ಕೂತು, 'ಹೋದ ಎರಡು ಸಲ ನಿನ್ನ ಮಾತು ನಡೀತು. ಈ ಸಲ ನನ್ನ ಮಾತು ನಡೆಸಿಕೊಡು. ಇದೂ ಹೋದ್ರೆ ನಾನು ಬದುಕಿರಲ್ಲ ಕಣಮ್ಮ' ಎಂದು ನನ್ನ ಕೈ ಹಿಡಿದುಕೊಂಡರು. ನಾನು ಹೂಂ ಎಂದೆ. ಇದೂ ಹೋದರೆ ನಾನೂ ಬದುಕಿರಲಾರೆ ಎನ್ನಿಸಿತ್ತು.

ಊರಿನವರಿಗೆ ಏನು ಹೇಳುವುದು? ಸಿದ್ದರಬೆಟ್ಟಕ್ಕೆ ಹೊರಟಿದ್ದೇವೆ ಎಂದರು ಅತ್ತೆ. ಕೊರಟಗೆರೆ ಕಡೆಯ ಬೆಟ್ಟ, ಮಧುಗಿರಿಯ ಆಚೆ, ಸುಳ್ಳು ಬಹಳ ದೊಡ್ಡದಲ್ಲ. ಆದರೆ ದೇವರ ಹೆಸರು ಹೇಳಿದರೆ ನಮ್ಮ ಊರು ಸುಮ್ಮನಿರುತ್ತದೆಯೇ? ಮರುದಿನ ಬೆಳಿಗ್ಗೆಯಿಂದ ಒಬ್ಬೊಬ್ಬರೇ ಬಂದರು. ಒಬ್ಬರು ತೆಂಗಿನಕಾಯಿ, ಒಬ್ಬರು ಅರ್ಧ ಸೇರು ತುಪ್ಪ, ಒಬ್ಬರು ಮಗನ ಕೆಮ್ಮಿಗೆ ಹರಕೆಯ ಬೆಲ್ಲ. ನನಗೆ ಮಲಗಲೆಂದು ರಾಗಿಹುಲ್ಲು ಹಾಸಿ, ಶಿರಾದ ಕಂಬಳಿ ನಾಲ್ಕು ಮಡಿಕೆ ಹೊದಿಸಿದ್ದ ಗಾಡಿಯಲ್ಲಿ ತೆಂಗಿನಕಾಯಿಗಳೇ ಮಲಗಿದವು. ಅತ್ತೆ ಎಲ್ಲರಿಗೂ ಹೂಂ ಹೂಂ ಎಂದು ಇಸಿದುಕೊಂಡು, ಊರು ದಾಟಿದ ಮೇಲೆ ಮೂಟೆಯನ್ನೆಲ್ಲ ಗಾಡಿಯ ಹಿಂದಕ್ಕೆ ಕಟ್ಟಿಸಿ, ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಗಾಡಿ ಹೊಡೆದವನು ನಮ್ಮ ಊರಿನ ಕುರಿಗಾರರ ಮನೆಯ ಮುದುಕ. ಯಜಮಾನರು ಅಂಗಡಿ ಬಿಟ್ಟು ಬರುವಂತಿರಲಿಲ್ಲ, ಕಡಲೆಕಾಯಿ ಬರುವ ಹೊತ್ತು. ಅತ್ತೆ ಮುದುಕನಿಗೆ ಸಹ ನಿಜ ಹೇಳಿರಲಿಲ್ಲ. ಆದರೆ ಕಲ್ಲು ಕಂಡಲ್ಲೆಲ್ಲ 'ಮೆಲ್ಲಗೆ, ಮೆಲ್ಲಗೆ' ಎಂದು ಕೂಗುತ್ತಿದ್ದರು, ಹಳ್ಳ ಬಂದರೆ ಗಾಡಿ ನಿಲ್ಲಿಸಿ ತಾವೇ ಇಳಿದು ಆಳ ನೋಡುತ್ತಿದ್ದರು, ನಾನು ನೀರು ಕೇಳಿದರೆ ಎತ್ತಿಗೂ ನೀರಿನ ಹೊತ್ತಾಯಿತು ಎನ್ನುತ್ತಿದ್ದರು. ಇಷ್ಟು ಸಾಲದೆ? ಮೊದಲ ದಿನ ಸಂಜೆಯ ಹೊತ್ತಿಗೆ ಮುದುಕ ತನ್ನ ಪಾಡಿಗೆ ಎತ್ತಿನ ಕಡೆ ನೋಡಿಕೊಂಡು, 'ಎಷ್ಟು ತಿಂಗ್ಳು ಅವ್ವೋರೆ?' ಎಂದ.

ಅತ್ತೆಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. 'ಎರಡು' ಎಂದರು. ಆಮೇಲೆ ದಾರಿಯ ಸಂಗತಿಯನ್ನೂ ಹೇಳಿದರು. ಮುದುಕ ಬಾರುಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

'ಕುರಿ ಹೊಡ್ಕಂಡು ನಾನು ಆ ಕಡೀಗೂ ಈ ಕಡೀಗೂ ದಿನಕ್ಕೆ ನಾಕು ಕಿತ ದಾಟ್ತೀನಿ ಅವ್ವೋರೆ. ಒಂದು ಕುರೀನಾರ ಅದ್ಕೇ ಕಂದಾಕಿದ್ದು ನಾ ಕಾಣೆ.'

'ನನ್ನ ಸೊಸೆ ಕುರಿ ಅಲ್ಲ ಕಣಪ್ಪ' ಎಂದರು ಅತ್ತೆ.

ಎರಡನೆಯ ದಿನ ದಾರಿ ಕೆಟ್ಟದಾಗಿತ್ತು. ದಾರಿ ಎನ್ನುವುದೇ ತಪ್ಪು, ಮಳೆಗೆ ಕೊಚ್ಚಿದ ಗಾಡಿ ಜಾಡು, ನಡುವೆ ಬಂಡೆ. ಊಟದ ಹೊತ್ತಿಗೆ ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದೆವು. ಅತ್ತೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ನಾನು ಮರೆಗೆ ಹೋಗಿ ಬಂದೆ. ಬಂದವಳು ಗಾಡಿಯ ಗೂಟ ಹಿಡಿದುಕೊಂಡು ನಿಂತುಬಿಟ್ಟೆ. ಕೆಂಪು ಕಂಡಿತ್ತು. ಸೊಂಟದಲ್ಲಿ ಆ ಹಳೆಯ ನೋವು, ಎರಡು ಸಲ ಬಂದು ಪರಿಚಯವಾದ ನೋವು, ಮೆಲ್ಲಗೆ ಎದ್ದಿತ್ತು.

ಅತ್ತೆ ಪೂಜೆ ಮುಗಿಸದೆ ಎದ್ದದ್ದನ್ನು ನಾನು ಕಂಡದ್ದು ಆ ಒಂದೇ ಸಲ. ನನ್ನ ಮುಖ ನೋಡಿದ್ದೇ ಅವರಿಗೆ ಎಲ್ಲ ತಿಳಿಯಿತು. ನನ್ನನ್ನು ಗಾಡಿಗೆ ಹತ್ತಿಸಿ ಮಲಗಿಸಿದರು. 'ಹಿರಿಯೂರು ಎಷ್ಟು ದೂರ?' ಎಂದು ಮುದುಕನನ್ನು ಕೇಳಿದರು.

'ಒಂದೂವರೆ ದಿನ ಅವ್ವೋರೆ.'

'ವಾಪಸ್ ಊರಿಗೆ?'

'ಅದೂ ಅಷ್ಟೇಯ. ಬಂದಿರೋ ದಾರೀನೇ ಅಲ್ವರಾ.'

'ಹತ್ತಿರದಲ್ಲಿ ಏನೂ ಇಲ್ವಾ?'

ಮುದುಕ ತೆಂಕಲ ಕಡೆ ನೋಡಿದ. ಅಲ್ಲಿ ಒಂದು ಕೂಗಳತೆ ದೂರದಲ್ಲಿ ಸಾಲಾಗಿ ಕಳ್ಳಿ, ಕಳ್ಳಿಯ ನಡುವೆ ಬಿಳಿಯ ಕಲ್ಲು. 'ಅದ ದಾಟಿದ್ರೆ ಮೂರು ಹರದಾರಿ. ದಾರಿ ಅಂಗೈ ಇದ್ದಂಗೈತೆ. ಹೊತ್ತು ಮುಳುಗೋದ್ರೊಳಗೆ ನಿಮ್ಮ ತವರು ಮನೆ ಮುಂದೆ ಬುಡ್ತೀನಿ' ಎಂದ.

ಅತ್ತೆಯ ಮುಖವನ್ನು ನಾನು ಕೆಳಗಿನಿಂದ ನೋಡುತ್ತಿದ್ದೆ. ಆ ಕಲ್ಲನ್ನು ದಾಟಿದರೆ ಮಗನಿಗೆ ಏನಾದರೂ ಆಗುತ್ತದೆ ಎಂದು ಅವರು ನಂಬಿದ್ದರು. ಬಾಯಿಮಾತಿಗಲ್ಲ, ಮನಸಾರೆ ನಂಬಿದ್ದರು. ಆ ನಂಬಿಕೆಗೆ ಇಪ್ಪತ್ತಾರು ವರ್ಷ ತಾಯಿಯ ಮನೆಯನ್ನು ಬಿಟ್ಟಿದ್ದರು. ಈಗ ಒಂದು ಕಡೆ ಅಂಗಡಿಯಲ್ಲಿ ಕಡಲೆಕಾಯಿ ಅಳೆಯುತ್ತಿದ್ದ ಮಗ, ಇನ್ನೊಂದು ಕಡೆ ಇನ್ನೂ ಮುಖವಿಲ್ಲದ ಮೊಮ್ಮಗು. ನನಗೆ ಹೆದರಿಕೆಯಾಯಿತು. 'ಬೇಡ ಅತ್ತೆ, ಹಿರಿಯೂರಿಗೇ ಹೋಗೋಣ' ಎಂದೆ.

'ನೀನು ಸುಮ್ಕಿರು' ಎಂದರು. ಕಣ್ಣು ಮುಚ್ಚಿ, ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, 'ಮಾತು ಕೊಟ್ಟೋಳು ನಾನು. ತಪ್ಪಿದೋಳೂ ನಾನೇ. ಏನು ಮಾಡಿದ್ರೂ ನನಗೇ ಮಾಡು' ಎಂದು ವೀರಭದ್ರನಿಗೆ ಹೇಳಿದರು. ಆಮೇಲೆ ಮುದುಕನಿಗೆ, 'ತಿರುಗಿಸು' ಎಂದರು.

ಕಲ್ಲು ದಾಟುವಾಗ ಅವರ ಅಂಗೈ ನನ್ನ ಹೊಟ್ಟೆಯ ಮೇಲಿತ್ತು. ನಾನು ಅತ್ತೆಯನ್ನು ಪ್ರೀತಿಸಲು ಶುರು ಮಾಡಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಹೇಳಲು ಗೊತ್ತಿಲ್ಲ. ಆದರೆ ಅವರು ನನ್ನ ತಾಯಿಯಾದದ್ದು ಯಾವಾಗ ಎಂದರೆ ಗೊತ್ತು. ಅದು ಆ ಸಂಜೆ.

ತವರು ಮನೆಯ ಬಾಗಿಲಲ್ಲಿ ಗಾಡಿ ನಿಂತಾಗ ಜಗುಲಿಯ ಮೇಲೆ ಒಬ್ಬ ಅಜ್ಜಿ ಹುಣಿಸೆ ಬೀಜ ಬಿಡಿಸುತ್ತಾ ಕೂತಿದ್ದರು. ಕಣ್ಣು ಬೆಳ್ಳಗಾಗಿ ಹೋಗಿತ್ತು. ಗಾಡಿಯ ಸದ್ದಿಗೆ ತಲೆ ಎತ್ತಿದರು. ಅತ್ತೆ ಇಳಿದು ಎರಡು ಹೆಜ್ಜೆ ಇಟ್ಟರು, ಬಾಯಿ ತೆರೆಯಲಿಲ್ಲ. ಅಜ್ಜಿ ಕಿವಿ ಕೊಟ್ಟು ಆ ಎರಡು ಹೆಜ್ಜೆಯನ್ನು ಕೇಳಿ, 'ಇಪ್ಪುಡೊಸ್ತಿವಾ ಬಿಡ್ಡಾ' ಎಂದರು. ಅವರ ಮನೆಮಾತು ಅರ್ಧ ತೆಲುಗು. ಈಗ ಬಂದೆಯಾ ಮಗಳೇ, ಎಂದು ಕೇಳಿದ್ದು.

ಅಳುವುದಕ್ಕೆ ಯಾರಿಗೂ ಬಿಡುವಿರಲಿಲ್ಲ. ಅಜ್ಜಿ ಅರ್ಧ ಊರಿಗೆ ಹೆರಿಗೆ ಮಾಡಿಸಿದ ಕೈ. ಕಣ್ಣಿಲ್ಲದಿದ್ದರೂ ಬೆರಳು ನೋಡುತ್ತಿತ್ತು. ನನ್ನ ಹೊಟ್ಟೆ ಮುಟ್ಟಿ, ಸೊಂಟ ಮುಟ್ಟಿ, 'ಇನ್ನೂ ಜಾರಿಲ್ಲ. ಅಲ್ಲಾಡಿಸಬ್ಯಾಡಿ' ಎಂದರು. ಮಂಚದ ಕಾಲಿನ ಕಡೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿಸಿದರು. ಶಿರಾದ ಆಸ್ಪತ್ರೆಗೆ ಕರೆದೊಯ್ಯೋಣವೇ ಎಂದು ಅತ್ತೆ ಕೇಳಿದರೆ, 'ಆಸ್ಪತ್ರೆ ಒಳ್ಳೇದೇ, ಆದ್ರೆ ಇವಳನ್ನ ಈಗ ಗಾಡೀಲಿ ಹಾಕಿದ್ರೆ ಆಸ್ಪತ್ರೆಗೆ ಒಬ್ಬಳೇ ಮುಟ್ತಾಳೆ' ಎಂದರು. ಒಬ್ಬಳೇ ಎಂದರೆ ಏನರ್ಥ ಎಂದು ನನಗೆ ಗೊತ್ತಾಗಿ ನಾನು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ.

ನಾಲ್ಕು ದಿನ ಕೆಂಪು ಕಂಡಿತು. ಐದನೆಯ ದಿನ ನಿಂತಿತು. ಅದೇ ಐದನೆಯ ದಿನ ಯಜಮಾನರು ಬಂದರು, ಗಾಡಿಯ ಮುದುಕ ಹೋಗಿ ಸುದ್ದಿ ಮುಟ್ಟಿಸಿದ್ದ. ಅತ್ತೆ ಮಗನನ್ನು ಬಾಗಿಲಲ್ಲೇ ನಿಲ್ಲಿಸಿ ತೋಳು, ಬೆನ್ನು, ಕಾಲು ಎಲ್ಲ ಮುಟ್ಟಿ ನೋಡಿದರು. 'ಸಂತೇಲಿ ಎತ್ತು ನೋಡಿದಂಗೆ ನೋಡ್ತಿದೀಯಲ್ಲಮ್ಮ' ಎಂದು ಅವರು ನಕ್ಕರು. ಅತ್ತೆ ನಗಲಿಲ್ಲ. ನನ್ನ ಬಸಿರು ಉಳಿಯಿತು ಎಂದು ಸಂತೋಷಪಡಲು ಅವರಿಗೆ ಧೈರ್ಯವಿರಲಿಲ್ಲ. ಗಡಿಯ ದೇವತೆ ಸುಂಕವನ್ನು ಈ ಕಡೆ ಬಿಟ್ಟರೆ ಆ ಕಡೆ ಕೇಳುತ್ತಾಳೆ ಎಂದು ಕಾಯುತ್ತಿದ್ದರು. ಮಗ ಊರಿಗೆ ಮರಳಿದ ಮೇಲೆ ದಿನಕ್ಕೊಂದೇ ಊಟ ಮಾಡತೊಡಗಿದರು. ದಾರಿಯಲ್ಲಿ ಗಾಡಿಯ ಸದ್ದಾದರೆ ಕೆಟ್ಟ ಸುದ್ದಿಯೇ ಬಂತೆಂದು ಎದ್ದು ನಿಲ್ಲುತ್ತಿದ್ದರು. ಹೊಟ್ಟೆ ಬೆಳೆಯುತ್ತಿದ್ದವಳು ನಾನು, ಸೊರಗುತ್ತಿದ್ದವರು ಅವರು.

ನನಗೆ ಮೂರು ತಿಂಗಳು ತುಂಬಿದ ದಿನ ಮಧ್ಯಾಹ್ನ. ನಡುಮನೆಯ ಮಂಚದ ಮೇಲೆ ನಾನು, ಕೆಳಗೆ ಚಾಪೆಯ ಮೇಲೆ ತಾಯಿ ಮಗಳು. ಅತ್ತೆ ಅಜ್ಜಿಯ ಕೂದಲು ಬಾಚುತ್ತಿದ್ದರು. ಬಾಚುತ್ತಾ ಬಾಚುತ್ತಾ, 'ಅಮ್ಮಾ, ಇವಳದು ಉಳೀತು. ಈಗ ನನ್ನ ಮಗಂದು ಭಯ. ಮಾತು ತಪ್ಪಿದೀನಿ, ಅವನು ಬುಡ್ತಾನಾ?' ಎಂದರು.

ಅಜ್ಜಿ, 'ಯಾರು ಬುಡೋದು?' ಎಂದರು.

'ದೇವರು. ಗಡಿ.'

'ಗಡಿಗೂ ನಿನ್ನ ಹೊಟ್ಟೆಗೂ ಏನೂ ಇಲ್ಲ ಬಿಡ್ಡಾ. ಅದನ್ನ ಹುಟ್ಟಿಸಿದೋಳು ನಾನು.'

ಬಾಚಣಿಗೆ ನಿಂತಿತು. ಅಜ್ಜಿ ಮಾತು ನಿಲ್ಲಿಸಲಿಲ್ಲ, ಬಹುಶಃ ನಿಲ್ಲಿಸಿದರೆ ಮತ್ತೆ ಹೇಳಲಾರೆ ಎನ್ನಿಸಿರಬೇಕು. 'ಆ ಸಲ ನೀನು ಇಲ್ಲಿಗೆ ಬರೋ ಹೊತ್ತಿಗೇ ಒಳಗೆ ಏನೂ ಉಳಿದಿರಲಿಲ್ಲ. ನಾನು ಕೈಯಿಟ್ಟು ನೋಡಿದ್ದೆ. ನಿಮ್ಮತ್ತೆ ಆಗ್ಲೇ ಹೇಳಿ ಕಳ್ಸಿದ್ಲು, ಇವಳ ಹೊಟ್ಟೇಲಿ ನಿಲ್ಲಲ್ಲ, ನನ್ನ ಮಗನಿಗೆ ಇನ್ನೊಂದು ತಂದ್ಕತೀವಿ ಅಂತ. ನಾನೇನು ಮಾಡಲಿ? ತಪ್ಪು ಇವಳದಲ್ಲ, ಗಡೀದು, ದಾಟಿದ್ದಕ್ಕೆ ಆಯ್ತು ಅಂದೆ. ಕಲ್ಲಿನ ಮ್ಯಾಲೆ ಹಾಕಿದ್ರೆ ಕಲ್ಲು ತಿರುಗಿ ಮಾತಾಡಲ್ಲ. ಅವರು ನಂಬಲಿ ಅಂತ ನಿನ್ನ ಕೈಲಿ ಹರಕೇನೂ ಕಟ್ಟಿಸಿದೆ. ನಂಬಿದ್ರು. ನಿನ್ನ ಸಂಸಾರ ನಿಂತ್ಕಂತು. ನೀನು ಬರೋದು ನಿಂತೋಯ್ತು.'

ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ಆರು ದಿನದ ದಾರಿ, ಹುಣಿಸೆಹಣ್ಣು, ಈ ಹೆಂಗಸಿನ ಒಪ್ಪೊತ್ತಿನ ಊಟ, ಎಲ್ಲ ಒಂದು ಸುಳ್ಳಿನ ಮೇಲೆ ನಡೆದದ್ದೇ? ಎದ್ದು ಕೂತು ಜಗಳವಾಡಬೇಕೆನ್ನಿಸಿತು. ಏಳಬಾರದೆಂದು ಕಟ್ಟಪ್ಪಣೆ ಮಾಡಿದವರೂ ಅದೇ ಅಜ್ಜಿ. ಮಲಗಿದಲ್ಲೇ ಅತ್ತೆಯನ್ನು ನೋಡಿದೆ. ಅವರು ಬಾಚಣಿಗೆಯನ್ನು ಹಾಗೇ ಹಿಡಿದಿದ್ದರು.

'ಯಾಕೆ ಹೇಳಲಿಲ್ಲ ನನಗೆ?' ಎಂದರು ಕೊನೆಗೆ.

'ಹೇಳಿದ್ರೆ ಓಡಿ ಬರ್ತಿದ್ದೆ. ಬಂದ್ರೆ ಅವರಿಗೆ ಗೊತ್ತಾಗ್ತಿತ್ತು. ನಿಮ್ಮತ್ತೆ ಸತ್ತ ಮ್ಯಾಲೆ ಹೇಳಾಣ ಅಂದ್ಕಂಡೆ, ಅಷ್ಟರಲ್ಲಿ ನನ್ನ ಕಣ್ಣು ಹೋಯ್ತು, ಬರೋಕಾಗಲಿಲ್ಲ. ಇಂಥ ಮಾತು ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸೋ ಮಾತಾ?'

ಅತ್ತೆ ಬಯ್ಯುತ್ತಾರೆ ಎಂದುಕೊಂಡೆ. ಬಯ್ಯುವುದಕ್ಕೆ ಅವರಿಗೆ ಹಕ್ಕಿತ್ತು, ಗಂಟಲೂ ಇತ್ತು. ಅವರು ಎದ್ದು ಅಡುಗೆಮನೆಗೆ ಹೋದರು. ಪಾತ್ರೆಗಳನ್ನು ಎತ್ತಿ ಕುಕ್ಕಿದ ಸದ್ದು ಬಹಳ ಹೊತ್ತು ಕೇಳಿಸಿತು. ಅಜ್ಜಿ ಬಿಚ್ಚುಗೂದಲಲ್ಲಿ ಕೂತೇ ಇದ್ದರು. ಆಮೇಲೆ ಅತ್ತೆ ಒಂದು ಬಟ್ಟಲಲ್ಲಿ ಬೆಚ್ಚಗಿನ ಹರಳೆಣ್ಣೆ ತಂದು, ಹಿಂದೆ ಕೂತು, ತಾಯಿಯ ನೆತ್ತಿಗೆ ಹಾಕಿ ತಿಕ್ಕಿದರು. ಆ ದಿನ ರಾತ್ರಿ ಅವರು ಎರಡನೆಯ ಊಟ ಮಾಡಿದರು, ಮುದ್ದೆ ಇನ್ನೊಂದು ಹಾಕು ಎಂದೂ ಕೇಳಿದರು.

ಐದು ತಿಂಗಳು ತುಂಬಿದ ಮೇಲೆ ಅಜ್ಜಿ ನನಗೆ ಗಾಡಿ ಹತ್ತಲು ಅಪ್ಪಣೆ ಕೊಟ್ಟರು. ಯಜಮಾನರು ಬಂದು ನೇರ ದಾರಿಯಲ್ಲಿ ಮಧುಗಿರಿಗೆ ಕರೆದೊಯ್ದರು. ಅತ್ತೆ ಜೊತೆಯಲ್ಲಿ ಬರುತ್ತಾರೆ ಎಂದು ಅವರ ಗಂಟನ್ನೂ ನಾನೇ ಕಟ್ಟಿಸಿದ್ದೆ. ಅವರು ಗಾಡಿಯವರೆಗೆ ಬಂದು, ಹುಲ್ಲು ಸರಿಮಾಡಿ, ತಮ್ಮ ಗಂಟನ್ನು ಇಳಿಸಿಕೊಂಡರು. 'ನಿನಗೆ ನಿಮ್ಮಮ್ಮ ಅವ್ಳೆ. ಹೋಗು' ಎಂದರು. ಮಿಡ್‌ವೈಫಮ್ಮ ನನ್ನನ್ನು ನೋಡಿ, ಇಷ್ಟು ದಿನ ಎಲ್ಲಿದ್ದೆ, ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದರು. ಪರದೇಶದಲ್ಲಿದ್ದೆ ಎಂದೆ.

ಮಗಳು ಹುಟ್ಟಿದಳು. ಸುದ್ದಿ ಹೋದ ನಾಲ್ಕನೆಯ ದಿನ ಅತ್ತೆ ಮಧುಗಿರಿಗೆ ಬಂದಿಳಿದರು. ಮಗುವನ್ನು ಎತ್ತಿಕೊಂಡವರು ಎರಡು ದಿನ ಕೆಳಗಿಡಲಿಲ್ಲ. ಎಣ್ಣೆ ಹಚ್ಚಿದರು, ನೀರು ಹಾಕಿದರು, 'ಮೂಗು ನಂದು, ಸಿಟ್ಟು ಅವಳಮ್ಮಂದು' ಎಂದು ಬೀದಿಗೆಲ್ಲ ಹೇಳಿದರು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಸೀರೆ ಮಡಚುತ್ತಿದ್ದಾರೆ. ನಮ್ಮಮ್ಮ, 'ಇದೇನು ಬೀಗಿತ್ತಮ್ಮ, ಇಷ್ಟು ಕಾದು ಪಡೆದ ಮೊಮ್ಮಗಳು, ತಿಂಗಳಾದ್ರೂ ಇರಬಾರ್ದಾ?' ಎಂದು ತಡೆದರು.

ಅತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿದರು. 'ಇವಳನ್ನ ನೋಡೋಕೆ ನನಗೆ ಇನ್ನೂ ವರ್ಷಗಳವೆ ಕಣವ್ವ. ಅಲ್ಲಿ ನಮ್ಮಮ್ಮ ಗಾಡಿ ಸದ್ದಿಗೆ ಕಿವಿ ಕೊಟ್ಕಂಡು ಜಗುಲಿ ಮ್ಯಾಲೆ ಕೂತವ್ಳೆ' ಎಂದು ಹೇಳಿ, ಹಿಂದಿರುಗಿ ನೋಡದೆ ಗಾಡಿ ಹತ್ತಿದರು.